ಎರಡು ಟ್ರಾಕ್ಟರ್, 27 ದೇಶ: ಯುರೋಪಿನ ವಿಮಾ ಕಾನೂನನ್ನು ಎಲ್ಲಿಂದ ಓದಬೇಕು?

2007ರ ಆಗಸ್ಟ್ ತಿಂಗಳು. ಸ್ಲೊವೇನಿಯಾದ ಒಂದು ರೈತರ ಮನೆಯ ಅಂಗಳ. ಹುಲ್ಲಿನ ಪಿಂಡಿಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸುವ ಕೆಲಸ ನಡೆದಿತ್ತು. ಒಬ್ಬ ಏಣಿ ಹತ್ತಿ ನಿಂತಿದ್ದ. ಟ್ರೇಲರ್ ಕಟ್ಟಿದ ಟ್ರಾಕ್ಟರ್ ಹಿಂದೆ ಹಿಂದೆ ಬರುತ್ತಾ ಏಣಿಗೆ ತಾಗಿತು. ಆತ ಕೆಳಗೆ ಬಿದ್ದ.

ಪೆಟ್ಟಾಗಿದ್ದಕ್ಕೆ ಆತ ಟ್ರಾಕ್ಟರಿನ ವಿಮಾ ಕಂಪನಿಯಿಂದ ಸುಮಾರು 15,944 ಯೂರೊ ಪರಿಹಾರ ಕೇಳಿದ. ಕೆಳಗಿನ ಎರಡೂ ಕೋರ್ಟುಗಳು ಇಲ್ಲ ಅಂದವು. ವಿಮೆ ಮಾಡಿಸಿರುವುದು ಸಾರಿಗೆಯ ವಾಹನಕ್ಕೆ, ಅಂಗಳದಲ್ಲಿ ಕೆಲಸ ಮಾಡುವ ಯಂತ್ರಕ್ಕಲ್ಲ ಎನ್ನುವುದು ಅವುಗಳ ತರ್ಕ. ಸ್ಲೊವೇನಿಯಾದ ಸುಪ್ರೀಂ ಕೋರ್ಟಿಗೆ ಅನುಮಾನ ಬಂತು. ಅದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯವನ್ನು ಕೇಳಿತು. 2014ರ ಸೆಪ್ಟೆಂಬರ್ 4ರಂದು ಉತ್ತರ ಬಂತು: ವಾಹನವನ್ನು ಅದರ ಸಹಜ ಕೆಲಸಕ್ಕೆ ಬಳಸುತ್ತಿದ್ದರೆ ಸಾಕು, ಅದು ಕಡ್ಡಾಯ ವಿಮೆಯೊಳಗೆ ಬರುತ್ತದೆ. ರಸ್ತೆಯೇ ಆಗಬೇಕೆಂದಿಲ್ಲ, ಅಂಗಳವೂ ಆದೀತು.

ಆಗಿನ್ನೂ ಒಕ್ಕೂಟದಲ್ಲಿದ್ದ ಬ್ರಿಟನ್ ಗಾಬರಿಯಾಯಿತು. ಹಾಗಾದರೆ ರೇಸ್ ಕಾರಿಗೆ, ಮನೆ ತೋಟದಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಗೆಲ್ಲ ಥರ್ಡ್ ಪಾರ್ಟಿ ವಿಮೆ ಬೇಕಾ? ಒಕ್ಕೂಟ ಬಿಟ್ಟ ಮೇಲೆ 2022ರಲ್ಲಿ ಒಂದು ಕಾಯ್ದೆ ತಂದು ಅದು ಈ ತೀರ್ಪಿನಿಂದಲೇ ಕಳಚಿಕೊಂಡಿತು.

ಎರಡನೇ ಟ್ರಾಕ್ಟರ್ ಪೋರ್ಚುಗಲ್‌ನದು. ಗುಡ್ಡದ ಇಳಿಜಾರಿನ ದ್ರಾಕ್ಷಿ ತೋಟ. ಟ್ರಾಕ್ಟರನ್ನು ಮಣ್ಣುದಾರಿಯಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಅದರಿಂದ ಕಳೆನಾಶಕ ಸಿಂಪಡಿಸುವ ಪಂಪ್ ನಡೆಸುತ್ತಿದ್ದರು. ಮಳೆ, ಟ್ರಾಕ್ಟರಿನ ಭಾರ, ಎಂಜಿನ್ನಿನ ಅದುರಾಟ ಎಲ್ಲ ಸೇರಿ ಮಣ್ಣು ಕುಸಿಯಿತು. ಟ್ರಾಕ್ಟರ್ ಕೆಳಗಿನ ಮೆಟ್ಟಿಲು ತೋಟಕ್ಕೆ ಉರುಳಿ ಒಬ್ಬ ಕೂಲಿ ಹೆಣ್ಣುಮಗಳು ಸತ್ತಳು. ಮೊದಲ ಪ್ರಕರಣ ನೋಡಿದರೆ ಇಲ್ಲೂ ಪರಿಹಾರ ಸಿಗಬೇಕಿತ್ತು ಅನ್ನಿಸುತ್ತದೆ, ಅಲ್ವಾ? 2017ರಲ್ಲಿ ಅದೇ ನ್ಯಾಯಾಲಯ ಇಲ್ಲ ಎಂದಿತು. ಆ ಹೊತ್ತಿಗೆ ಟ್ರಾಕ್ಟರ್ ವಾಹನವಾಗಿರಲಿಲ್ಲ, ಪಂಪಿಗೆ ಶಕ್ತಿ ಕೊಡುವ ಮೋಟಾರ್ ಆಗಿತ್ತು. ಇನ್ನೆರಡು ವರ್ಷಕ್ಕೆ ಸ್ಪೇನಿನಿಂದ ಮತ್ತೊಂದು ಕೇಸು. ಖಾಸಗಿ ಗ್ಯಾರೇಜಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಅಲುಗಾಡದೆ ನಿಂತಿದ್ದ ಕಾರು ವಿದ್ಯುತ್ ದೋಷದಿಂದ ಹೊತ್ತಿಕೊಂಡು ಮನೆಗೆ ಹಾನಿಯಾಗಿತ್ತು. ಇದು ಮಾತ್ರ ವಾಹನದ ಬಳಕೆಯೇ ಎಂದಿತು ಕೋರ್ಟ್. ನಿಲ್ಲಿಸುವುದೂ ಓಡಿಸುವುದರ ಒಂದು ಭಾಗ ತಾನೆ.

ಇಂಥ ತೀರ್ಪುಗಳ ಸಾರ ಹಿಂಡಿ 2021ರಲ್ಲಿ ಮೋಟಾರು ವಿಮೆಯ ಡೈರೆಕ್ಟಿವ್ ಎಂಬ ಒಕ್ಕೂಟದ ಕಾನೂನನ್ನು ತಿದ್ದಿದರು. 2023ರ ಡಿಸೆಂಬರ್ 23ರಿಂದ ಅದು ಜಾರಿಯಲ್ಲಿದೆ. ಅಪಘಾತದ ಹೊತ್ತಿಗೆ ವಾಹನ ಸಾರಿಗೆಯ ಸಾಧನವಾಗಿ ಬಳಕೆಯಾಗುತ್ತಿತ್ತೇ ಎಂಬುದೊಂದೇ ಪ್ರಶ್ನೆ. ಜಾಗ ಯಾವುದು, ಓಡುತ್ತಿತ್ತಾ ನಿಂತಿತ್ತಾ ಎನ್ನುವುದು ಮುಖ್ಯವಲ್ಲ.

ಯುರೋಪಿನ ವಿಮಾ ಕಾನೂನು ಓದಬೇಕು ಎನ್ನುವವರಿಗೆ ನಾನು ಈ ಟ್ರಾಕ್ಟರುಗಳಿಂದಲೇ ಶುರು ಮಾಡಿ ಅನ್ನುತ್ತೇನೆ. ಬಹಳ ಜನ ಸಾಲ್ವೆನ್ಸಿ ಸೂತ್ರಗಳಿಂದ, ಅಂದರೆ ಕಂಪನಿ ಎಷ್ಟು ಬಂಡವಾಳ ಇಡಬೇಕು ಎಂಬ ಲೆಕ್ಕಗಳಿಂದ ಶುರು ಮಾಡಿ ಮೂರನೇ ದಿನಕ್ಕೆ ಪುಸ್ತಕ ಮುಚ್ಚುತ್ತಾರೆ. ಟ್ರಾಕ್ಟರ್ ಕೇಸಿನಲ್ಲಿ ಇಡೀ ಯಂತ್ರ ಕಾಣುತ್ತದೆ. ಹಳ್ಳಿಯ ಜಗಳ ದೇಶದ ಕೋರ್ಟಿಗೆ ಹೋಗುತ್ತದೆ, ಅಲ್ಲಿಂದ ಲಕ್ಸೆಂಬರ್ಗಿಗೆ, ಅಲ್ಲಿಂದ ಬ್ರಸೆಲ್ಸ್‌ಗೆ ಹೋಗಿ ಕಾನೂನಾಗಿ ಮತ್ತೆ ಹಳ್ಳಿಗೆ ಬರುತ್ತದೆ. ಇಲ್ಲಿ ಎರಡು ಪದ ಗೊತ್ತಿರಬೇಕು. ಡೈರೆಕ್ಟಿವ್ ಅಂದರೆ ಒಕ್ಕೂಟ ಗುರಿ ಹೇಳುತ್ತದೆ, ಪ್ರತಿ ದೇಶವೂ ಅದಕ್ಕೆ ತನ್ನದೇ ಕಾನೂನು ಬರೆದುಕೊಳ್ಳುತ್ತದೆ. ರೆಗ್ಯುಲೇಷನ್ ಅಂದರೆ ನೇರವಾಗಿ ಎಲ್ಲ ಕಡೆ ಅದೇ ಅಕ್ಷರ ಜಾರಿ. ವಿಮೆಯಲ್ಲಿ ಮುಖ್ಯ ಕಾನೂನುಗಳೆಲ್ಲ ಹೆಚ್ಚಾಗಿ ಡೈರೆಕ್ಟಿವ್‌ಗಳೇ. ಹಾಗಾಗಿ 27 ದೇಶಗಳಲ್ಲಿ 27 ಬಣ್ಣ.

ನನಗೆ ಅರ್ಥವಾದ ಮಟ್ಟಿಗೆ ಇಡೀ ವಿಷಯವನ್ನು ಬಿಡಿಸುವ ಗಂಟು ಒಂದೇ. ವಿಮಾ ಕಂಪನಿಯ ತಿಜೋರಿ ನೋಡಿಕೊಳ್ಳುವ ನಿಯಮ ಯುರೋಪಿನಲ್ಲಿ ಹೆಚ್ಚುಕಡಿಮೆ ಒಂದೇ. ಪಾಲಿಸಿ ಕಾಗದದ ಮಾತಿಗೆ ಅರ್ಥ ಹೇಳುವ ಕಾನೂನು ಮಾತ್ರ ಆಯಾ ದೇಶದ್ದು. ಕಂಪನಿ ಮುಳುಗಿದರೆ ಹಿಡಿದುಕೊಳ್ಳುವ ಬಲೆಯೂ ಆಯಾ ದೇಶದ್ದೇ. ಈಗ ನಡೆಯುತ್ತಿರುವ ದೊಡ್ಡ ಬದಲಾವಣೆಗಳೆಲ್ಲ ಈ ಎರಡರ ನಡುವಿನ ಬಿರುಕಿನ ಸುತ್ತಲೇ ಇವೆ.

ಬಿರುಕು ಎಷ್ಟು ಅಗಲ ಎಂದು ಕೊರೊನಾ ತೋರಿಸಿತು. ಹೋಟೆಲುಗಳು ಬಾಗಿಲು ಹಾಕಿದವು. ಎಷ್ಟೋ ಮಾಲೀಕರ ಹತ್ತಿರ ವ್ಯಾಪಾರ ನಿಂತರೆ ನಷ್ಟ ಕೊಡುವ ಪಾಲಿಸಿ ಇತ್ತು. ವೈರಸ್ ಒಂದೇ, ಮುಚ್ಚಿದ ಬಾಗಿಲೂ ಒಂದೇ ಥರ. ಉತ್ತರ ಮಾತ್ರ ಬೇರೆ ಬೇರೆ.

ಬ್ರಿಟನ್‌ನಲ್ಲಿ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎ ತಾನೇ ಪಾಲಿಸಿದಾರರ ಪರವಾಗಿ ಮಾದರಿ ಮೊಕದ್ದಮೆ ಹೂಡಿತು. ಸುಮಾರು 3,70,000 ಪಾಲಿಸಿದಾರರಿಗೆ ಇದು ತಟ್ಟಬಹುದು ಎಂದು ಅದರ ಅಂದಾಜು. ಕೆಲವು ಪಾಲಿಸಿಗಳಲ್ಲಿ 25 ಮೈಲಿಯೊಳಗೆ ರೋಗ ಬಂದರೆ ಪರಿಹಾರ ಎಂದಿತ್ತು. ಕಂಪನಿಗಳು ಹೇಳಿದ್ದು: ಲಾಕ್‌ಡೌನ್ ಆದದ್ದು ದೇಶವಿಡೀ ರೋಗ ಇದ್ದದ್ದಕ್ಕೆ, ನಿಮ್ಮ 25 ಮೈಲಿಯ ನಾಲ್ಕು ಕೇಸಿನಿಂದಲ್ಲ. ಕೇಳಲು ತರ್ಕ ಸರಿಯಾಗೇ ಇದೆ. ಆದರೆ 2021ರ ಜನವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ದೇಶದ ಪ್ರತಿಯೊಂದು ಕೇಸೂ ಸಮಾನ ಕಾರಣವೇ, ಹಾಗಾಗಿ ಮೈಲಿಯೊಳಗಿನ ಕೇಸೂ ಕಾರಣವೇ ಎಂದಿತು. ಹೆಚ್ಚಿನ ಅಂಶಗಳಲ್ಲಿ ಪಾಲಿಸಿದಾರರು ಗೆದ್ದರು.

ಜರ್ಮನಿಯ ಕೇಸಿನಲ್ಲಿ ಪಾಲಿಸಿಯೊಳಗೆ ರೋಗಗಳ ಪಟ್ಟಿ ಇತ್ತು. ಕೋವಿಡ್ ಹೆಸರು ಅದರಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. 2022ರ ಜನವರಿ 26ರಂದು ಸಿವಿಲ್ ವ್ಯಾಜ್ಯಗಳಿಗೆ ಅಲ್ಲಿನ ಅತ್ಯುನ್ನತ ಕೋರ್ಟಾದ ಬಿಜಿಎಚ್, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪರಿಹಾರ ಇಲ್ಲ ಎಂದು ಮುಗಿಸಿತು.

ಫ್ರಾನ್ಸ್‌ನದು ಇನ್ನೂ ಸ್ವಾರಸ್ಯ. ಆಕ್ಸಾ ಕಂಪನಿಯ ಪಾಲಿಸಿ ಸಾಂಕ್ರಾಮಿಕ ರೋಗದಿಂದ ಹೋಟೆಲ್ ಮುಚ್ಚಿದರೆ ಪರಿಹಾರ ಎಂದಿತ್ತು. ಕೆಳಗೆ ಒಂದು ಷರತ್ತು: ಅದೇ ಜಿಲ್ಲೆಯಲ್ಲಿ ಅದೇ ಕಾರಣಕ್ಕೆ ಇನ್ನೊಂದು ಅಂಗಡಿ ಮುಚ್ಚಿದ್ದರೂ ಪರಿಹಾರ ಇಲ್ಲ. ಸಾಂಕ್ರಾಮಿಕ ರೋಗ ಒಂದೇ ಹೋಟೆಲಿಗೆ ಬರುತ್ತದಾ? ಕೊಟ್ಟ ಕೈಯಲ್ಲೇ ಕಿತ್ತುಕೊಂಡ ಹಾಗೆ ಎಂದು ಮಾಲೀಕರು ವಾದಿಸಿದರು. ಪ್ಯಾರಿಸ್‌ನ ವಾಣಿಜ್ಯ ಕೋರ್ಟು 2020ರ ಮೇ ತಿಂಗಳಲ್ಲಿ ಒಬ್ಬ ಮಾಲೀಕನ ಪರ ನಿಂತಿತು. 2021ರಲ್ಲಿ ಆಕ್ಸಾ ಸುಮಾರು 15,000 ಹೋಟೆಲುಗಳಿಗೆ 30 ಕೋಟಿ ಯೂರೊ ಕೊಟ್ಟು ರಾಜಿಗೆ ಮುಂದಾಯಿತು. ಕೊನೆಗೆ 2022ರ ಡಿಸೆಂಬರ್ 1ರಂದು ದೇಶದ ಅತ್ಯುನ್ನತ ಕೋರ್ಟು ಆ ಷರತ್ತು ಸಿಂಧು ಎಂದಿತು. ರಾಜಿಗೆ ಸಹಿ ಹಾಕದೆ ಕಾದವರ ಗತಿ ನೀವೇ ಊಹಿಸಿ.

ಹೀಗೆ ಬೇರೆಯಾಗಲು ಪಾಲಿಸಿಯ ಪದಗಳು ಬೇರೆ ಇದ್ದದ್ದು ಒಂದು ಕಾರಣ. ಪದಗಳನ್ನು ಓದುವ ಕಾನೂನೂ ಬೇರೆ ಎನ್ನುವುದು ಇನ್ನೊಂದು. ವಿಮಾ ಒಪ್ಪಂದಕ್ಕೆ ಯುರೋಪಿನಲ್ಲಿ ಒಂದೇ ಕಾನೂನು ಇಲ್ಲ. ಪ್ರೊಫೆಸರುಗಳ ಒಂದು ತಂಡ ವರ್ಷಗಟ್ಟಲೆ ಕೂತು ಎಲ್ಲರಿಗೂ ಹೊಂದುವ ಮಾದರಿ ನಿಯಮಗಳನ್ನು ಬರೆದು 2009ರಲ್ಲಿ ಪ್ರಕಟಿಸಿತು. ಒಳ್ಳೆಯ ಕೆಲಸ. ಆದರೆ ಅದು ಕಾನೂನಾಗಲಿಲ್ಲ, ಉಪನ್ಯಾಸಗಳಲ್ಲೇ ಉಳಿಯಿತು. ಮನೆ, ಕಾರಿನಂಥ ಸಾಮಾನ್ಯ ವಿಮೆಗೆ ಆ ಮನೆ ಅಥವಾ ಕಾರು ಎಲ್ಲಿದೆಯೋ ಆ ದೇಶದ ಒಪ್ಪಂದ ಕಾನೂನೇ ಸಾಮಾನ್ಯವಾಗಿ ಅನ್ವಯ.

ಅಲ್ಲೊಮ್ಮೆ ಇಲ್ಲೊಮ್ಮೆ ಲಕ್ಸೆಂಬರ್ಗ್ ಕೋರ್ಟು ಎಲ್ಲರಿಗೂ ಒಂದೇ ಏಟು ಕೊಡುತ್ತದೆ. ಹೆಂಗಸರು ಹುಷಾರಾಗಿ ಓಡಿಸುತ್ತಾರೆ ಎಂದು ಕಾರಿನ ಪ್ರೀಮಿಯಂ ಅವರಿಗೆ ಕಡಿಮೆ ಇತ್ತು. ಬೆಲ್ಜಿಯಂನ ಗ್ರಾಹಕ ಸಂಘ ಟೆಸ್ಟ್ ಆಶಾ ಹೋರಾಡಿದ ಕೇಸಿನಲ್ಲಿ 2011ರ ಮಾರ್ಚ್ 1ರಂದು ಗಂಡು ಹೆಣ್ಣು ಎಂಬ ಲೆಕ್ಕದಲ್ಲಿ ದರ ಹಾಕುವುದೇ ರದ್ದಾಯಿತು. 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಲ್ಲಿ ಇಬ್ಬರಿಗೂ ಒಂದೇ ದರ.

ಈಗ ತಿಜೋರಿಯ ಕಡೆ ಬರೋಣ. ವಿಮೆ ಅಂದರೆ ಮೊದಲು ದುಡ್ಡು ತಗೊಂಡು ಆಮೇಲೆ ಮಾತು ಉಳಿಸಿಕೊಳ್ಳುವ ವ್ಯಾಪಾರ. ಮಾತು ಉಳಿಸಿಕೊಳ್ಳುವ ಹೊತ್ತಿಗೆ ದುಡ್ಡು ಇರಬೇಕಲ್ಲ. ಹಳೆಯ ನಿಯಮದಲ್ಲಿ ಪ್ರೀಮಿಯಂನ ಇಷ್ಟು ಶೇಕಡಾ ಬದಿಗಿಡಿ ಎಂಬ ಸರಳ ಲೆಕ್ಕ ಇತ್ತು. 2016ರ ಜನವರಿ 1ರಿಂದ ಸಾಲ್ವೆನ್ಸಿ ಟೂ ಬಂತು. ಅದು ಕೇಳುವುದು ಇಷ್ಟು: ಮುಂದಿನ ಒಂದು ವರ್ಷದಲ್ಲಿ, 200 ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ಕಾಲ ಬಂದರೂ ಪಾಲಿಸಿದಾರರ ಬಾಕಿ ತೀರಿಸುವಷ್ಟು ಸ್ವಂತ ಬಂಡವಾಳ ನಿಮ್ಮಲ್ಲಿದೆಯಾ? ಲೆಕ್ಕದ ಭಾಷೆಯಲ್ಲಿ 99.5% ಖಾತ್ರಿ. 200 ವರ್ಷ ನಿಶ್ಚಿಂತೆ ಎಂದು ಇದನ್ನು ಓದಬೇಡಿ. ಪ್ರತಿ ವರ್ಷವೂ 200ರಲ್ಲಿ ಒಂದು ಪಾಲು ಅಪಾಯ ಇದ್ದೇ ಇದೆ ಅಂತ ಅರ್ಥ.

ಈ ಕೆಟ್ಟ ಕಾಲವನ್ನು ತುಂಡು ತುಂಡಾಗಿ ಊಹಿಸಿಕೊಳ್ಳುತ್ತಾರೆ. ದೊಡ್ಡ ಮಾರುಕಟ್ಟೆಗಳ ಷೇರುಗಳು 39% ಕುಸಿದರೆ? ಕಟ್ಟಡಗಳ ಬೆಲೆ 25% ಬಿದ್ದರೆ? ಪ್ರವಾಹ ಬಂದರೆ, ಜನ ಅಂದಾಜಿಗಿಂತ ಜಾಸ್ತಿ ದಿನ ಬದುಕಿ ಪಿಂಚಣಿ ಎಳೆದರೆ? ಹೌದು, ಪಿಂಚಣಿ ಕೊಡುವ ಕಂಪನಿಗೆ ದೀರ್ಘಾಯುಸ್ಸೂ ಒಂದು ಅಪಾಯವೇ. ಎಲ್ಲ ಏಟುಗಳೂ ಒಟ್ಟಿಗೆ ಬೀಳುವುದಿಲ್ಲ ಎಂದು ಸ್ವಲ್ಪ ಕಳೆದು ಕೂಡಿಸುತ್ತಾರೆ. ಬರುವ ಮೊತ್ತವೇ ಎಸ್‌ಸಿಆರ್, ಅಂದರೆ ಕಂಪನಿ ಇಟ್ಟುಕೊಂಡಿರಲೇಬೇಕಾದ ಬಂಡವಾಳ. ಬೆಂಗಳೂರಿನಲ್ಲಿ ಯುರೋಪಿನ ವಿಮಾ ಕಂಪನಿಗಳ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಈ ಮೂರಕ್ಷರ ಕಾಫಿಯಷ್ಟೇ ಪರಿಚಿತ. ಇದು ಸಾಲ್ವೆನ್ಸಿ ಟೂನ ಮೊದಲ ಕಂಬ. ಎರಡನೆಯದು ಕಂಪನಿಯ ಒಳಗಿನ ಆಡಳಿತ, ಮೂರನೆಯದು ಲೆಕ್ಕವನ್ನು ನಿಯಂತ್ರಕರಿಗೂ ಜನರಿಗೂ ತೋರಿಸುವುದು.

ಒಂದು ಕಡೆ ಮಾತ್ರ ಈ ಲೆಕ್ಕ ಕಣ್ಣು ಮುಚ್ಚಿಕೊಳ್ಳುತ್ತದೆ. ಒಕ್ಕೂಟದ ಸರ್ಕಾರಗಳು ತಮ್ಮದೇ ಕರೆನ್ಸಿಯಲ್ಲಿ ಹೊರಡಿಸಿದ ಬಾಂಡುಗಳಿಗೆ ಸೂತ್ರದಲ್ಲಿ ಸಾಲ ಮುಳುಗುವ ಅಪಾಯ ಸೊನ್ನೆ. ಗ್ರೀಸ್ ಸಾಲ ತೀರಿಸಲಾಗದೆ ಒದ್ದಾಡಿದ್ದು ಕಂಡ ಮೇಲೂ ಸೊನ್ನೆ. ಕಾನೂನು ಬರೆಯುವವರೇ ಸಾಲ ತೆಗೆದುಕೊಳ್ಳುವವರಾದರೆ ಹೀಗೇ ಆಗುವುದು.

ಈ ಕಾನೂನಿನ ದೊಡ್ಡ ತಿದ್ದುಪಡಿ 2025ರ ಜನವರಿ 8ರಂದು ಪ್ರಕಟವಾಯಿತು. 2027ರ ಜನವರಿ 30ರಿಂದ ಜಾರಿ. ಅದರಲ್ಲಿ ರಿಸ್ಕ್ ಮಾರ್ಜಿನ್ ಎಂಬ ಒಂದು ಬಾಬತ್ತಿನ ಕತೆ ಹೇಳುತ್ತೇನೆ. ಕಂಪನಿ ಕೈಚೆಲ್ಲಿದರೆ ಅದರ ಪಾಲಿಸಿಗಳನ್ನು ಇನ್ನೊಂದು ಕಂಪನಿ ವಹಿಸಿಕೊಳ್ಳಬೇಕು. ಸುಮ್ನೆ ಯಾರು ವಹಿಸಿಕೊಳ್ಳುತ್ತಾರೆ? ಅದಕ್ಕೆ ಕೊಡಬೇಕಾದ ಹೆಚ್ಚುವರಿ ದುಡ್ಡನ್ನು ಮೊದಲೇ ಎತ್ತಿಡಬೇಕು. ಅದನ್ನು ಲೆಕ್ಕ ಹಾಕುವ ದರ 6% ಇತ್ತು, ಈಗ 4.75% ಆಗುತ್ತದೆ. ಉಳಿದ ದುಡ್ಡು ಯುರೋಪಿನ ಉದ್ದಿಮೆಗಳಿಗೆ ಹೂಡಿಕೆಯಾಗಲಿ ಎಂಬುದು ಬ್ರಸೆಲ್ಸ್‌ನ ಆಸೆ. ಷೇರುದಾರರ ಜೇಬಿಗೆ ಹೋಗುವುದಿಲ್ಲ ಎನ್ನಲು ಕಾನೂನಿನಲ್ಲಿ ಗಟ್ಟಿ ಹಗ್ಗ ನನಗಂತೂ ಕಾಣುವುದಿಲ್ಲ. ಸಣ್ಣ ಕಂಪನಿಗಳಿಗೆ ಒಂದು ನೆಮ್ಮದಿ ಇದೆ. ಈ ಕಾನೂನಿನಿಂದ ಹೊರಗುಳಿಯುವ ಮಿತಿ ವರ್ಷಕ್ಕೆ 50 ಲಕ್ಷ ಯೂರೊ ಪ್ರೀಮಿಯಂ ಇದ್ದದ್ದು 1.5 ಕೋಟಿಗೆ ಏರುತ್ತದೆ.

ಅದೇ ದಿನ ಇನ್ನೊಂದು ಡೈರೆಕ್ಟಿವ್ ಕೂಡ ಪ್ರಕಟವಾಯಿತು. ನನ್ನ ಪ್ರಕಾರ ಅದೇ ದೊಡ್ಡದು. ಅದು ಯಾಕೆ ಬೇಕಾಯಿತು ಎಂದು ತಿಳಿಯಲು ಪಾಸ್‌ಪೋರ್ಟಿಂಗ್ ತಿಳಿಯಬೇಕು. ಒಕ್ಕೂಟದ ಒಂದು ದೇಶದಲ್ಲಿ ಲೈಸೆನ್ಸ್ ಪಡೆದ ಕಂಪನಿ ಎಲ್ಲ ದೇಶಗಳಲ್ಲೂ ಪಾಲಿಸಿ ಮಾರಬಹುದು. 1994ರಿಂದ ಹೀಗೆ ಇದೆ. ಕಣ್ಣಿಡುವುದು ಮಾತ್ರ ಲೈಸೆನ್ಸ್ ಕೊಟ್ಟ ದೇಶದ ನಿಯಂತ್ರಕ. ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ಐಯೊಪಾ ಎಂಬ ಒಕ್ಕೂಟದ ಸಂಸ್ಥೆ ಇದೆ. ಅದು ನಿಯಂತ್ರಕರನ್ನು ಒಂದೆಡೆ ಕೂರಿಸುತ್ತದೆ, ಎಚ್ಚರಿಸುತ್ತದೆ. ಕಂಪನಿಗೆ ಬೀಗ ಹಾಕುವ ಅಧಿಕಾರ ಅದಕ್ಕಿಲ್ಲ.

ಇದರ ಬಿಸಿ ತಟ್ಟಿದ್ದು ಫ್ರಾನ್ಸ್‌ನಲ್ಲಿ ಮನೆ ಕಟ್ಟಿಸಿದವರಿಗೆ. ಅಲ್ಲಿ 1978ರ ಕಾನೂನಿನ ಪ್ರಕಾರ ಕಟ್ಟಿದವರು 10 ವರ್ಷ ಜವಾಬ್ದಾರರು, ಅದಕ್ಕೆ ವಿಮೆ ಕಡ್ಡಾಯ. ಹತ್ತು ವರ್ಷದ ಅಪಾಯವನ್ನು ಅಗ್ಗಕ್ಕೆ ಮಾರುವ ಕಂಪನಿಗಳು ಹೊರಗಿಂದ ಬಂದವು: ಲಿಕ್ಟೆನ್‌ಸ್ಟೈನ್‌ನ ಗೇಬಲ್, ಡೆನ್ಮಾರ್ಕಿನ ಆಲ್ಫಾ ಮತ್ತು ಕುಡೋಸ್. 2016ರಿಂದ 2018ರ ಒಳಗೆ ಮೂರೂ ಮುಳುಗಿದವು. ಗೋಡೆ ಬಿರುಕು ಬಿಟ್ಟವರು ಪಾಲಿಸಿ ಹಿಡಿದು ನೋಡಿದರೆ ವಿಳಾಸ ಬೇರೆ ದೇಶದ್ದು. ಲಿಕ್ಟೆನ್‌ಸ್ಟೈನ್ ಒಕ್ಕೂಟದ ಸದಸ್ಯ ದೇಶವೂ ಅಲ್ಲ, ಆದರೆ ಐರೋಪ್ಯ ಆರ್ಥಿಕ ವಲಯದಲ್ಲಿ ಇರುವುದರಿಂದ ಈ ಪಾಸ್‌ಪೋರ್ಟ್ ಅದಕ್ಕೂ ಉಂಟು.

ರೊಮೇನಿಯಾದಲ್ಲಿ ಕತೆ ಒಳಗಿಂದಲೇ ಕೆಟ್ಟಿತು. ಕಡ್ಡಾಯ ಮೋಟಾರು ವಿಮೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಸಿಟಿ ಇನ್ಶೂರೆನ್ಸ್ 2021ರ ಸೆಪ್ಟೆಂಬರ್‌ನಲ್ಲಿ ಲೈಸೆನ್ಸ್ ಕಳೆದುಕೊಂಡಿತು. ಅದರ ಗ್ರಾಹಕರಲ್ಲಿ ಬಹಳ ಜನ ಯೂರೊಇನ್ಸ್‌ಗೆ ಹೋದರು. 2023ರ ಮಾರ್ಚ್‌ನಲ್ಲಿ ಯೂರೊಇನ್ಸ್‌ನ ಲೈಸೆನ್ಸೂ ಹೋಯಿತು. ಬಾಣಲೆಯಿಂದ ಬೆಂಕಿಗೆ. ಅದೇ ವರ್ಷ ಇಟಲಿಯಲ್ಲಿ ಯೂರೊವೀಟಾ ಎಂಬ ಜೀವ ವಿಮಾ ಕಂಪನಿ ಕುಸಿಯಿತು. ಫೆಬ್ರವರಿಯಿಂದ ಅಕ್ಟೋಬರ್ ಕೊನೆಯವರೆಗೆ ಪಾಲಿಸಿ ಸರೆಂಡರ್ ಮಾಡಿ ದುಡ್ಡು ತೆಗೆಯಲು ಬಿಡಲಿಲ್ಲ. ಜನರಾಲಿ, ಅಲಿಯಾನ್ಜ್ ಸೇರಿ ಐದು ದೊಡ್ಡ ಕಂಪನಿಗಳು ಕೈಹಿಡಿದ ಮೇಲೆ ಬಾಗಿಲು ತೆರೆಯಿತು. ಇಟಲಿ ಜೀವ ವಿಮೆಗೆ ಖಾತರಿ ನಿಧಿ ಮಾಡುವ ಕಾನೂನು ತಂದದ್ದು ಆಮೇಲೆ.

ಹೊಸ ಡೈರೆಕ್ಟಿವ್, ವೃತ್ತಿಯವರ ಬಾಯಲ್ಲಿ ಐಆರ್‌ಆರ್‌ಡಿ, ಬಂದದ್ದು ಇಂಥದ್ದಕ್ಕೆ. ಬ್ಯಾಂಕುಗಳಿಗೆ 2014ರಿಂದಲೇ ಇಂಥ ಕಾನೂನಿತ್ತು. ಇನ್ನು ಪ್ರತಿ ದೇಶವೂ ಮುಳುಗುವ ವಿಮಾ ಕಂಪನಿಯನ್ನು ಸಂಭಾಳಿಸಲು ಒಂದು ಪ್ರಾಧಿಕಾರ ಇಡಬೇಕು. ಆರೋಗ್ಯವಾಗಿರುವಾಗಲೇ ಉಯಿಲು ಬರೆಸುವಂತೆ, ಚೆನ್ನಾಗಿರುವ ಕಂಪನಿಗಳೂ ಕಷ್ಟ ಬಂದರೆ ಏನು ಮಾಡುತ್ತೇವೆ ಎಂದು ಮೊದಲೇ ಬರೆದಿಡಬೇಕು. ದೇಶದ ಮಾರುಕಟ್ಟೆಯ ಕನಿಷ್ಠ 60% ಈ ಯೋಜನೆಯೊಳಗೆ ಬರಬೇಕು. ಪ್ರಾಧಿಕಾರ ಪಾಲಿಸಿಗಳನ್ನು ಬೇರೆ ಕಂಪನಿಗೆ ದಾಟಿಸಬಹುದು, ಹೊಸ ಪಾಲಿಸಿ ನಿಲ್ಲಿಸಿ ಹಳೆಯವನ್ನು ನಿಧಾನಕ್ಕೆ ತೀರಿಸಬಹುದು, ತಾತ್ಕಾಲಿಕ ಕಂಪನಿ ಕಟ್ಟಬಹುದು. ಇದೂ 2027ರ ಜನವರಿ 30ರಿಂದ.

ಆದರೆ ಕಂಪನಿ ಮುಳುಗಿದರೆ ಪಾಲಿಸಿದಾರರನ್ನು ಹಿಡಿದುಕೊಳ್ಳುವ ಬಲೆ? ಎಲ್ಲ ದೇಶಗಳಿಗೂ ಒಂದೇ ಖಾತರಿ ನಿಧಿ ಎಂಬ ವಿಚಾರ ವರ್ಷಗಳಿಂದ ಚರ್ಚೆಯಲ್ಲಿದೆ, ಈ ಡೈರೆಕ್ಟಿವ್‌ನಲ್ಲೂ ಬರಲಿಲ್ಲ. ಮೋಟಾರು ವಿಮೆ ಒಂದೇ ದೊಡ್ಡ ಅಪವಾದ. ಟ್ರಾಕ್ಟರುಗಳ ಅದೇ 2021ರ ತಿದ್ದುಪಡಿಯಲ್ಲಿ ಇನ್ನೊಂದು ವಿಷಯ ಇದೆ. ಗಾಡಿಯ ವಿಮಾ ಕಂಪನಿ ದಿವಾಳಿಯಾದರೆ ಪೆಟ್ಟಾದವನಿಗೆ ಅವನ ದೇಶದ ಸಂಸ್ಥೆಯೇ ಮೊದಲು ಪರಿಹಾರ ಕೊಡುತ್ತದೆ. ಆಮೇಲೆ ಕಂಪನಿಯ ತವರು ದೇಶದ ಸಂಸ್ಥೆಯಿಂದ ಅದನ್ನು ವಸೂಲು ಮಾಡಿಕೊಳ್ಳುತ್ತದೆ. ಮನೆಗೂ ಕಟ್ಟಡಕ್ಕೂ ಇದನ್ನೇ ಯಾಕೆ ಮಾಡಬಾರದು ಎಂದು ಕೇಳಿದರೆ, ಹುಷಾರಾಗಿ ಲೈಸೆನ್ಸ್ ಕೊಡುವ ದೇಶಗಳು ಬೇರೆಯವರ ತಪ್ಪಿಗೆ ನಾವ್ಯಾಕೆ ತೆರಬೇಕು ಎನ್ನುತ್ತವೆ.

ಉಳಿದ ಬೆಳವಣಿಗೆಗಳನ್ನು ಬೇಗ ಮುಗಿಸುತ್ತೇನೆ. 2025ರ ಜನವರಿ 17ರಿಂದ ಡೋರಾ ಎಂಬ ರೆಗ್ಯುಲೇಷನ್ ಜಾರಿಯಲ್ಲಿದೆ. ವಿಮಾ ಕಂಪನಿಯ ಕಂಪ್ಯೂಟರ್ ಕೆಲಸ ಯಾರೇ ಮಾಡಲಿ, ಎಲ್ಲಿಂದಲೇ ಮಾಡಲಿ, ಒಪ್ಪಂದದಲ್ಲಿ ಏನೇನು ಇರಬೇಕು ಎಂದು ಅದು ಹೇಳುತ್ತದೆ. ಮುಖ್ಯ ಕೆಲಸವಾದರೆ ತಪಾಸಣೆಗೂ ಬಾಗಿಲು ತೆರೆದಿರಬೇಕು. 2025ರ ನವೆಂಬರ್‌ನಲ್ಲಿ ಒಕ್ಕೂಟ ಇಂಥ ಕಂಪ್ಯೂಟರ್ ಕೆಲಸ ಮಾಡಿಕೊಡುವ 19 ಕಂಪನಿಗಳನ್ನು ಅತಿ ಮುಖ್ಯ ಎಂದು ಪಟ್ಟಿ ಮಾಡಿತು. ಅದರಲ್ಲಿ ನಮ್ಮ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಕೂಡ ಇದೆ. ಇನ್ನು ಎಐ ಕಾಯ್ದೆ. ಜೀವ ಮತ್ತು ಆರೋಗ್ಯ ವಿಮೆಯಲ್ಲಿ ವ್ಯಕ್ತಿಯ ಅಪಾಯ ಅಳೆದು ದರ ಹಾಕುವ ಎಐ ಅನ್ನು ಅದು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ಕಾರಿನ ವಿಮೆ ಆ ಪಟ್ಟಿಯಲ್ಲಿಲ್ಲ. ಈ ನಿಯಮ ಜಾರಿಯಾಗಲು ಮೊದಲು ಬರೆದ ತಾರೀಖು 2026ರ ಆಗಸ್ಟ್ 2. ಅದನ್ನು ಮುಂದೂಡೋಣ ಎಂದು ಐರೋಪ್ಯ ಆಯೋಗವೇ 2025ರ ನವೆಂಬರ್‌ನಲ್ಲಿ ಪ್ರಸ್ತಾವ ಇಟ್ಟಿತು.

ಮನಸ್ಸಿಗೆ ಹತ್ತಿರವಾದದ್ದು ಕ್ಯಾನ್ಸರ್ ಗೆದ್ದವರ ಹಕ್ಕು. ಕಾಯಿಲೆ ವಾಸಿಯಾಗಿ ಎಷ್ಟೋ ವರ್ಷದ ಮೇಲೂ ಸಾಲದ ಜೊತೆ ಬರುವ ವಿಮೆ ಅವರಿಗೆ ಸಿಗುತ್ತಿರಲಿಲ್ಲ, ಸಿಕ್ಕರೂ ದುಬಾರಿ. ಫ್ರಾನ್ಸ್ 2022ರಲ್ಲಿ ಚಿಕಿತ್ಸೆ ಮುಗಿದು 5 ವರ್ಷವಾದರೆ ಹೇಳಬೇಕಿಲ್ಲ ಎಂದಿತು. ಇಟಲಿ 2023ರಲ್ಲಿ 10 ವರ್ಷ ಎಂದಿತು. ಒಕ್ಕೂಟದ ಹೊಸ ಗ್ರಾಹಕ ಸಾಲ ಡೈರೆಕ್ಟಿವ್ ಹಾಕಿರುವ ಮಿತಿ ಹೆಚ್ಚೆಂದರೆ 15 ವರ್ಷ. ಇಲ್ಲೂ ಮತ್ತೆ ಅದೇ, ಗಡಿ ದಾಟಿದರೆ ಕಾಯಿಲೆ ನೆನಪಿರುವ ಅವಧಿ ಬೇರೆ.

ಪ್ರವಾಹದ ವಿಷಯದಲ್ಲೂ ಹಾಗೇ. ಐಯೊಪಾ ಹೇಳುವಂತೆ ಒಕ್ಕೂಟದಲ್ಲಿ ಪ್ರಕೃತಿ ವಿಕೋಪದ ನಷ್ಟದಲ್ಲಿ ಸುಮಾರು ಕಾಲು ಭಾಗಕ್ಕಷ್ಟೇ ವಿಮೆ ಇದೆ. ಫ್ರಾನ್ಸ್ 1982ರಿಂದ ಎಲ್ಲರ ಮನೆ ವಿಮೆಯ ಮೇಲೂ ಇದಕ್ಕೆಂದೇ ಹೆಚ್ಚುವರಿ ದರ ಹಾಕುತ್ತದೆ. 12% ಇದ್ದದ್ದು 2025ರ ಜನವರಿಯಿಂದ 20% ಆಗಿದೆ.

ಕೆಲಸಕ್ಕೆಂದು ಜರ್ಮನಿಗೆ ಹೋದ ಗೆಳೆಯನೊಬ್ಬ ಮನೆ ಸಾಮಾನಿನ ವಿಮೆಯ ಪಾಲಿಸಿ ಕಳಿಸಿ, ‘ಚೆನ್ನಾಗಿದೆಯಾ ನೋಡೋ’ ಅಂದ. ನಾನು ಮೊದಲು ನೋಡಿದ್ದು ಎರಡು ಪುಟದ ಸಾರಾಂಶ ಪತ್ರ. ಜೀವ ವಿಮೆ ಬಿಟ್ಟು ಉಳಿದ ವಿಮೆಗಳಿಗೆ 2018ರಿಂದ ಅದು ಕಡ್ಡಾಯ. ಅದರ ಮೇಲ್ಭಾಗದಲ್ಲೇ ಕಂಪನಿ ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂದು ಇರುತ್ತದೆ. ಜರ್ಮನಿಯದ್ದೇ. ‘ಹಾಗಾದರೆ ಭಯ ಇಲ್ಲ ತಾನೆ, ಮುಳುಗಿದರೆ ನಿಧಿ ಇರುತ್ತಲ್ಲ?’ ಎಂದು ಕೇಳಿದ. ಜೀವ ವಿಮೆಗೆ ಅಲ್ಲಿ ಪ್ರೊಟೆಕ್ಟರ್ ಎಂಬ ಸಂಸ್ಥೆ ಇದೆ, ಖಾಸಗಿ ಆರೋಗ್ಯ ವಿಮೆಗೆ ಮೆಡಿಕೇಟರ್ ಇದೆ. ಅವನ ಸೋಫಾ, ಟಿವಿ, ಸೈಕಲ್ಲಿಗೆ ಅಂಥದ್ದು ಯಾವುದೂ ಇಲ್ಲ ಎಂದು ಹೇಳಿದಾಗ ಅವನು ಒಂದು ನಿಮಿಷ ಮಾತಾಡಲಿಲ್ಲ.